ತೋಟೆ ತುಂಬುವವನ ಹೊಣೆ

ಕೊಲ್ಲುವ ಸಾಧನವನ್ನು ನಿರ್ಮಿಸಿದವನಿಗೆ ಕೊಲೆಯ ಪಾಪದಲ್ಲಿ ಪಾಲುಂಟೇ ಎಂಬ ಪ್ರಶ್ನೆ ಧರ್ಮಚಿಂತಕರಿಗೆ ಹೊಸದಲ್ಲ. ಆದರೆ ಮಹಾಯಂತ್ರಾಗಾರಗಳ ಈ ಕಾಲದಲ್ಲಿ ಅದು ಸಾವಿರಾರು ಕೈಗಳ ನಡುವೆ ಹಂಚಿಹೋಗಿ, ಯಾವ ಕೈಗೂ ಅಂಟದೆ ಜಾರಿಹೋಗುತ್ತಿದೆ. ಅದನ್ನು ಮತ್ತೆ ಒಬ್ಬನೇ ಮನುಷ್ಯನ ಮುಂದಿಟ್ಟು ವಿಚಾರಿಸಬೇಕಾದರೆ, ಹಳೆಯ ಕರಿಮದ್ದಿನ ಬಂದೂಕಿಗೆ ತನ್ನ ಕೈಯಿಂದಲೇ ತೋಟೆ ತುಂಬಿಕೊಳ್ಳುವ ಹವ್ಯಾಸಿಯನ್ನು ನೋಡಬೇಕು.

1871ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮಾರ್ಟಿನಿ-ಹೆನ್ರಿ ಬಂದೂಕಿನ ತೋಟೆ ಇಂದು ಅಂಗಡಿಯಲ್ಲಿ ಸುಲಭವಾಗಿ ಸಿಗುವ ಪದಾರ್ಥವಲ್ಲ. ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು ನಮ್ಮ ದೇಶದಲ್ಲಿ 1959ರ ಶಸ್ತ್ರ ಕಾಯಿದೆಯನ್ವಯ ಅಪರಾಧ. ಪಶ್ಚಿಮ ದೇಶಗಳಲ್ಲಾದರೋ ಈ ಕುಶಲವಿದ್ಯೆಯ ಉಪಾಸಕರು ಈಗಲೂ ಇದ್ದಾರೆ. ಒಮ್ಮೆ ಸಿಡಿದ ಹಿತ್ತಾಳೆಯ ಕೊಳವೆಯನ್ನು ತೊಳೆದು, ಮಸಿ ತೆಗೆದು, ಕಂಠದಲ್ಲಿ ಬಿರುಕೇನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ತಳದಲ್ಲಿ ಹೊಸ ಕೇಪು ಕೂರಿಸಿ, ಮದ್ದನ್ನು ತೂಗಿ ಸುರಿದು, ಮದ್ದಿಗೂ ಗುಂಡಿಗೂ ನಡುವೆ ಪೊಳ್ಳು ಉಳಿದರೆ ನಳಿಗೆಯೇ ಒಡೆದೀತೆಂಬ ಭಯದಿಂದ ಆ ಎಡೆಯನ್ನು ಬಿಲ್ಲೆಗಳಿಂದಲೂ ಜೇನುಮೇಣದಿಂದಲೂ ತುಂಬಿ, ಕೊನೆಗೆ ಸೀಸದ ಗುಂಡನ್ನು ನೆಟ್ಟಗೆ ಕೂರಿಸುವ ಆ ಮನುಷ್ಯನ ತನ್ಮಯತೆ ಪೂಜೆಗೆ ಕುಳಿತವನದಕ್ಕಿಂತ ಕಡಿಮೆಯದಲ್ಲ. ಸೇನೆಯ ಮೂಲ ಲೆಕ್ಕದಲ್ಲಿ ಮದ್ದು 85 ಗ್ರೇನ್, ಗುಂಡು 480 ಗ್ರೇನ್. ಇಷ್ಟು ಅವಧಾನದಿಂದ ಮಾಡಿದ ಕರ್ಮ, ಅವಧಾನದ ಬಲದಿಂದಲೇ ನಿರ್ದೋಷವಾಗುತ್ತದೆಯೇ?

ತೋಟೆಯನ್ನು ಕುರಿತು ನಮ್ಮ ದೇಶದಲ್ಲಿ ಎದ್ದ ಅತ್ಯಂತ ಪ್ರಸಿದ್ಧವಾದ ಧಾರ್ಮಿಕ ಪ್ರಶ್ನೆ ಬೇರೆಯದು. 1857ರಲ್ಲಿ ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟೆಗೆ ಹಸುವಿನ ಮತ್ತು ಹಂದಿಯ ಕೊಬ್ಬು ಸವರಿದೆಯೆಂಬ ಸುದ್ದಿ ಹಬ್ಬಿ, ಅದನ್ನು ಹಲ್ಲಿನಿಂದ ಕಚ್ಚಬೇಕಾದ ಸಿಪಾಯಿಗಳ ಮನಸ್ಸು ಕುದಿಯಿತು. ಬೇರೆ ಜಿಡ್ಡನ್ನು ಸಿಪಾಯಿಗಳೇ ಸವರಿಕೊಳ್ಳಬಹುದೆಂದು ಸರಕಾರ ಅಪ್ಪಣೆ ಕೊಟ್ಟರೂ ಕಳೆದುಹೋದ ವಿಶ್ವಾಸ ಮರಳಲಿಲ್ಲ. ಆ ಕಿಚ್ಚು ಮುಂಬಯಿಯನ್ನೂ ಮುಟ್ಟಿ, ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ ಸಯ್ಯದ್ ಹುಸೇನ್ ಮತ್ತು ಮಂಗಲ್ ಗಾಡಿಯಾ ಎಂಬ ಇಬ್ಬರು ಸೈನಿಕರನ್ನು ಎಸ್ಪ್ಲನೇಡ್ ಮೈದಾನದಲ್ಲಿ, ಎಂದರೆ ಇಂದಿನ ಆಜಾದ್ ಮೈದಾನದ ನೆಲದಲ್ಲಿ, ತೋಪಿನ ಬಾಯಿಗೆ ಕಟ್ಟಿ ಉಡಾಯಿಸಲಾಯಿತು. ಸಿಪಾಯಿಗಳ ಸಂಕಟವನ್ನು ಲಘುವಾಗಿ ಕಾಣುವುದು ಅನ್ಯಾಯ; ಕುಲಾಚಾರವೂ ಮಾನವೂ ಒಂದಾಗಿ ಬೆಸೆದಿದ್ದ ಕಾಲವದು. ಆದರೂ ತೋಟೆಯ ಮೈಗೆ ಸವರಿದ್ದು ಶುದ್ಧವೋ ಅಶುದ್ಧವೋ ಎಂದು ದೇಶವೆಲ್ಲ ಕೇಳಿದಾಗ, ಅದರ ಒಳಗಿದ್ದ ಸೀಸ ಯಾರ ಎದೆಗೆಂದು ಕೇಳಿದವರು ವಿರಳ. ಸ್ಪರ್ಶದ ಶುದ್ಧಿ ಒಂದು, ಉದ್ದೇಶದ ಶುದ್ಧಿ ಮತ್ತೊಂದು.

ಈ ಎರಡನೆಯ ಶುದ್ಧಿಯನ್ನು ಕೂಲಂಕಷವಾಗಿ ಶೋಧಿಸಿದವರು ಜೈನಾಚಾರ್ಯರು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮವು ಆತ್ಮಕ್ಕೆ ಹರಿದುಬರಲು ಆಶ್ರಯವಾಗುವ ಅಜೀವ ನಿಮಿತ್ತಗಳನ್ನು ನಿರ್ವರ್ತನೆ, ನಿಕ್ಷೇಪ, ಸಂಯೋಗ, ನಿಸರ್ಗವೆಂದು ನಾಲ್ಕಾಗಿ ವಿಂಗಡಿಸುತ್ತದೆ: ನಿರ್ಮಿಸುವುದು, ಇಡುವುದು, ಕೂಡಿಸುವುದು, ಪ್ರವರ್ತಿಸುವುದು. ಕನ್ನಡನಾಡಿನವರೇ ಆದ ಪೂಜ್ಯಪಾದರು ಈ ಸೂತ್ರಗಳ ವ್ಯಾಖ್ಯಾನವಾದ ಸರ್ವಾರ್ಥಸಿದ್ಧಿಯಲ್ಲಿ ನಿಕ್ಷೇಪದ ಭೇದಗಳನ್ನು ಹೇಳುವಾಗ, ನೋಡದೆ ಇಡುವುದನ್ನೂ ಅವಸರದಿಂದ ಇಡುವುದನ್ನೂ ಬೇರೆಬೇರೆಯಾಗಿ ಎಣಿಸುತ್ತಾರೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಆಯುಧ, ವಿಷ, ಬೆಂಕಿ ಮೊದಲಾದ ಹಿಂಸೋಪಕರಣಗಳನ್ನು ಪರರಿಗೆ ಕೊಡುವುದನ್ನೇ ಹಿಂಸಾದಾನವೆಂಬ ಪ್ರತ್ಯೇಕ ದೋಷವಾಗಿ ಗಣಿಸುತ್ತದೆ. ಬಂದೂಕಿನ ಕುದುರೆ ಎಳೆದ ಬೆರಳಿನ ಮೇಲೆ ಮಾತ್ರ ಪಾಪವನ್ನು ಹೊರಿಸಿ ಉಳಿದವರು ಕೈತೊಳೆದುಕೊಳ್ಳಲು ಈ ಲೆಕ್ಕದಲ್ಲಿ ಆಸ್ಪದವಿಲ್ಲ.

ಇದು ಕೇವಲ ಶಾಸ್ತ್ರಸೂಕ್ಷ್ಮವೆಂದು ಭಾವಿಸುವವರು ಮುಂಬಯಿಯ ಚರಿತ್ರೆಯನ್ನು ನೆನೆಯಬೇಕು. 1944ರ ಏಪ್ರಿಲ್ 12ರಂದು ವಿಕ್ಟೋರಿಯಾ ಡಾಕ್ ಸೇರಿದ ಫೋರ್ಟ್ ಸ್ಟಿಕಿನ್ ಎಂಬ ಹಡಗಿನಲ್ಲಿ ಸುಮಾರು 1400 ಟನ್ ಸ್ಫೋಟಕ ಸಾಮಗ್ರಿಯಿತ್ತು. ಕರಾಚಿಯಲ್ಲಿ ಹೇರಿದ ಹತ್ತಿಯ ಅಂಡಿಗೆಗಳೂ ಅದರ ಒಡಲಲ್ಲೇ ಇದ್ದವು. ಏಪ್ರಿಲ್ 14ರ ಮಧ್ಯಾಹ್ನ ಹತ್ತಿಯಲ್ಲಿ ಹೊಗೆ ಕಾಣಿಸಿತು. ನಾಲ್ಕು ಗಂಟೆ ದಾಟುತ್ತಲೇ ಹಡಗು ಸಿಡಿದು, 800ಕ್ಕೂ ಹೆಚ್ಚು ಜನ ಸತ್ತರು. ಬೆಂಕಿಯನ್ನು ಆರಿಸಲು ಹೋದ 66 ಮಂದಿ ಅಗ್ನಿಶಾಮಕರೂ ಹಿಂದಿರುಗಲಿಲ್ಲ. ಅವರ ಸ್ಮರಣೆಗಾಗಿಯೇ ಆ ದಿನವನ್ನು ದೇಶವು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತದೆ. ಅಂದು ಮುಂಬಯಿಯನ್ನು ಕೊಲ್ಲಬೇಕೆಂದು ಸಂಕಲ್ಪಿಸಿದವರು ಯಾರೂ ಇರಲಿಲ್ಲ. ಒಂದರ ಪಕ್ಕದಲ್ಲಿ ಮತ್ತೊಂದನ್ನು ಇಟ್ಟರು, ಕೂಡಬಾರದ್ದನ್ನು ಕೂಡಿಸಿದರು. ಆಚಾರ್ಯರು ಪ್ರಮಾದವೆಂದು ಕರೆದು ಹಿಂಸೆಯ ಮೂಲದಲ್ಲೇ ಇರಿಸಿದ್ದು ಇದನ್ನೇ.

ಹಾಗಾದರೆ ಆಯುಧವನ್ನು ಮುಟ್ಟಿದವರೆಲ್ಲ ಪಾಪಿಗಳೇ ಎಂದರೆ, ಕೊಡಗಿನತ್ತ ನೋಡಬೇಕಾಗುತ್ತದೆ. ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಯನ್ನು ದೇವರ ನೆಲೆಯಲ್ಲಿಟ್ಟು, ತೋಕ್‌ಪೂ ಎಂಬ ಹೂವನ್ನು ಮುಡಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಅವರ ಹಿರಿಯರ ರೂಢಿ. ಹಿಂದೆ ಈ ಹಬ್ಬದ ಬೆನ್ನಿಗೇ ಬೇಟೆಯಿತ್ತು. 1972ರ ವನ್ಯಜೀವಿ ಕಾಯಿದೆಯ ತರುವಾಯ ಅದಕ್ಕೆ ಎಡೆಯಿಲ್ಲವಾಗಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯೇ ಈಗ ಗುರಿ. ಕೈಚಳಕ ಕುಂದಲಿಲ್ಲ, ಕೋವಿಯ ಗೌರವ ತಗ್ಗಲಿಲ್ಲ, ಹಬ್ಬದ ಸಂಭ್ರಮ ಇಳಿಯಲಿಲ್ಲ, ಪ್ರಾಣಿಯೊಂದೇ ಬದುಕಿಕೊಂಡಿತು. ಕೌಶಲಕ್ಕೆ ಪ್ರಾಣದ ಬಲಿ ಬೇಕೇಬೇಕೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಆದಕಾರಣ ತೋಟೆ ತುಂಬುವವನ ಅವಧಾನವನ್ನು ನಾವು ಅಲ್ಲಗಳೆಯಬೇಕಾಗಿಲ್ಲ. ಅದು ಎಲ್ಲಿಗೆ ಬಂದು ನಿಲ್ಲುತ್ತದೆಂಬುದನ್ನು ನೋಡಬೇಕು. ತನ್ನ ನಳಿಗೆ ಒಡೆಯದಂತೆ ಎಚ್ಚರ ವಹಿಸುವುದು ಆತ್ಮರಕ್ಷಣೆ. ತನ್ನ ಗುಂಡು ಯಾವ ಪ್ರಾಣವನ್ನೂ ತಾಕದಂತೆ, ತನ್ನ ಮದ್ದು ಮಕ್ಕಳ ಕೈಗಾಗಲಿ ಕೇಡಿಗರ ಕೈಗಾಗಲಿ ಸೇರದಂತೆ ಎಚ್ಚರ ವಹಿಸುವುದು ಧರ್ಮ. ಮೊದಲನೆಯದನ್ನು ಭಯವೇ ಕಲಿಸುತ್ತದೆ. ಎರಡನೆಯದಕ್ಕೆ ವಿವೇಕ ಬೇಕು. ನಿರ್ಜೀವವಾದ ಗುರಿಗಾಗಿ ಶಾಸನಬದ್ಧವಾಗಿ ತುಂಬಿ, ಜೋಪಾನವಾಗಿ ಇಟ್ಟ ತೋಟೆಯಲ್ಲಿ ದೋಷವಿಲ್ಲವೆಂದೇ ನನ್ನ ಅಭಿಪ್ರಾಯ. ಯಾರಿಗೆ, ಏತಕ್ಕೆ ಎಂದು ಕೇಳದೆ ತುಂಬಿ ಕೊಟ್ಟ ತೋಟೆಯಾದರೋ, ಅದೆಷ್ಟು ಅಚ್ಚುಕಟ್ಟಾಗಿದ್ದರೂ, ಅದು ಸಿಡಿಯುವ ಮೊದಲೇ ಕೊಟ್ಟವನ ಲೆಕ್ಕಕ್ಕೆ ಸೇರಿರುತ್ತದೆ.