ನೆಲವನ್ನು ಅರಿಯುವ ಧರ್ಮ

ಹಲವು ವರ್ಷಗಳ ಹಿಂದೆ, ಉತ್ತರ ಕರ್ನಾಟಕದ ಒಂದು ಧರ್ಮಕೇಂದ್ರದಲ್ಲಿ ಧರ್ಮೋಪದೇಶ ತರಗತಿಗಳಿಗೆಂದು ಒಂದು ಕೊಠಡಿಯನ್ನು ಕಟ್ಟಿಸಿದೆ. ಮಣ್ಣಿನ ಪರೀಕ್ಷೆ ಮಾಡಿಸಬೇಕೆಂದು ಹಿರಿಯರೊಬ್ಬರು ಸಲಹೆಯಿತ್ತಾಗ, ‘ದೇವರ ಕೆಲಸವನ್ನು ದೇವರೇ ನೋಡಿಕೊಳ್ಳುತ್ತಾನೆ’ ಎಂದು ಹೇಳಿ ಆ ಹಣದಲ್ಲಿ ಬೆಂಚುಗಳನ್ನು ಮಾಡಿಸಿದೆ. ಆದರೆ ಅದು ಎರೆಭೂಮಿ. ಮಳೆಗಾಲದಲ್ಲಿ ನೀರು ಹೀರಿ ಉಬ್ಬುವ, ಬೇಸಿಗೆಯಲ್ಲಿ ಕುಗ್ಗಿ ಬಾಯ್ದೆರೆಯುವ ಮಣ್ಣು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕು ಕಾಣಿಸಿತು. ಮಕ್ಕಳನ್ನು ದೇವಾಲಯದ ಜಗಲಿಗೆ ಕರೆತಂದೆವು. ‘ಸ್ವಾಮಿ, ನಿಮ್ಮ ಉದ್ದೇಶ ಒಳ್ಳೆಯದೇ ಆಗಿತ್ತು’ ಎಂದು ಜನರು ಸಮಾಧಾನ ಹೇಳಿದರು. ಉದ್ದೇಶ ಒಳ್ಳೆಯದಾಗಿದ್ದರೆ ಸಾಕೇ? ಈ ಪ್ರಶ್ನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಇಟಲಿಯ ಪೀಸಾ ನಗರದ ಓರೆಗೋಪುರವನ್ನು ಚಿತ್ರದಲ್ಲಿ ಕಾಣದವರು ವಿರಳ. ಅದು ಅಲ್ಲಿನ ಪ್ರಧಾನಾಲಯದ ಗಂಟೆಗೋಪುರ. 1173ರಲ್ಲಿ ಅದರ ಕೆಲಸ ಆರಂಭವಾಯಿತು. ಅಡಿಪಾಯದ ಆಳ ಸುಮಾರು 3 ಮೀಟರ್ ಮಾತ್ರ; ಕೆಳಗೆ ಮೆತ್ತನೆಯ ಜೇಡಿಮಣ್ಣು. ಮೂರನೆಯ ಅಂತಸ್ತು ಏರುವ ವೇಳೆಗೇ ಗೋಪುರ ಒಂದು ಬದಿಗೆ ಕುಸಿಯತೊಡಗಿತು. ಯುದ್ಧಗಳ ಕಾರಣ ಕೆಲಸ ಸುಮಾರು ಒಂದು ಶತಮಾನ ನಿಂತಿತು. ಆ ಬಿಡುವಿನಲ್ಲಿ ಭಾರಕ್ಕೆ ಮಣ್ಣು ಒತ್ತಿ ಗಟ್ಟಿಯಾಗದಿದ್ದರೆ ಗೋಪುರ ಅಂದೇ ಉರುಳುತ್ತಿತ್ತೆಂದು ತಜ್ಞರ ಅಭಿಪ್ರಾಯ. ವಾಲಿಕೆ ಅಪಾಯದ ಮಟ್ಟ ಮುಟ್ಟಿದ್ದರಿಂದ 1990ರಲ್ಲಿ ಅದನ್ನು ಮುಚ್ಚಲಾಯಿತು. ಎತ್ತರದಲ್ಲಿದ್ದ ಉತ್ತರ ಬದಿಯ ಅಡಿಯಿಂದ ಸ್ವಲ್ಪಸ್ವಲ್ಪವಾಗಿ ಮಣ್ಣು ತೆಗೆದು, ವಾಲಿಕೆಯನ್ನು 40 ಸೆಂಟಿಮೀಟರಿಗೂ ಹೆಚ್ಚು ತಗ್ಗಿಸಿ, 2001ರಲ್ಲಿ ಪುನಃ ತೆರೆಯಲಾಯಿತು.

ಪೀಸಾದ ಶಿಲ್ಪಿಗಳಿಗೆ ಭಕ್ತಿಯ ಕೊರತೆಯಿರಲಿಲ್ಲ. ನೆಲದಾಳವನ್ನು ಅಳೆಯುವ ಸಾಧನದ ಕೊರತೆಯಿತ್ತು. ನೀತಿಶಾಸ್ತ್ರವು ಅಜ್ಞಾನದಲ್ಲಿ ಎರಡು ಬಗೆಯನ್ನು ಗುರುತಿಸುತ್ತದೆ: ನಮ್ಮ ಶಕ್ತಿಗೆ ಮೀರಿದ ಅಜ್ಞಾನ, ಶ್ರಮಪಟ್ಟರೆ ನಿವಾರಿಸಬಹುದಾದ ಅಜ್ಞಾನ. ಮೊದಲನೆಯದು ದೋಷವಲ್ಲ. ಎರಡನೆಯದನ್ನು ಉದಾಸೀನದಿಂದ ಉಳಿಸಿಕೊಂಡರೆ ಅದು ದೋಷವೇ. ಇಂದು ನೆಲವನ್ನು ಕೊರೆದು, 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆಯು 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸಿದರೆ ಮಣ್ಣಿನ ಬಲ ತಿಳಿಯುತ್ತದೆ. ತಿಳಿಯಬಹುದಾಗಿದ್ದುದನ್ನು ನಾನು ತಿಳಿಯಲಿಲ್ಲ.

ಅದನ್ನು ವಿಶ್ವಾಸವೆಂದು ಕರೆದುಕೊಂಡದ್ದು ಇನ್ನೂ ದೊಡ್ಡ ತಪ್ಪು. ದೇವಾಲಯದ ಶಿಖರದಿಂದ ಧುಮುಕು, ದೂತರು ಕಾಯುತ್ತಾರೆ ಎಂದು ಸೈತಾನನು ಪ್ರೇರೇಪಿಸಿದಾಗ ಪ್ರಭು ಯೇಸು ಒಪ್ಪಲಿಲ್ಲ. ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ಹೇಳುವಾಗ ಸಂತ ಲೂಕರು, ಅವನು ಆಳವಾಗಿ ಅಗೆದನೆಂಬುದನ್ನು ಮರೆಯದೆ ಸೇರಿಸುತ್ತಾರೆ. ಬಂಡೆ ಮೇಲೆಯೇ ಸಿಗುವುದಿಲ್ಲ, ಅಗೆದವನಿಗಷ್ಟೇ ಸಿಗುತ್ತದೆ.

ಮನೆಗೆ ಹೇಳಿದ ಮಾತು ಮನೆತನಕ್ಕೂ ಸಲ್ಲುತ್ತದೆ. ಮದುವೆಯ ಮಂಟಪಕ್ಕೆ, ಊಟಕ್ಕೆ ತಿಂಗಳುಗಟ್ಟಲೆ ಓಡಾಡುವ ನಾವು, ಆ ಇಬ್ಬರ ಮನಸ್ಸು ನಿಜವಾಗಿ ಒಪ್ಪಿದೆಯೇ, ಕುಡಿತವನ್ನೋ ಸಾಲವನ್ನೋ ಮುಚ್ಚಿಟ್ಟಿದ್ದೇವೆಯೇ ಎಂದು ಒಂದು ಸಂಜೆ ಕುಳಿತು ಕೇಳುವುದಿಲ್ಲ. ಕೇಳಿದರೆ ಸಂಬಂಧ ಮುರಿದೀತೆಂಬ ಭಯ. ಆದರೆ ಕೇಳದೆ ಉಳಿದ ಪ್ರಶ್ನೆ ಗೋಡೆಯ ಬಿರುಕಾಗಿ ಹೊರಬರುತ್ತದೆ, ಜಗಲಿಗೆ ಬರುವವರು ಮಕ್ಕಳು.