ಅಗಸೆಯ ನಾರು ಮತ್ತು ಕಾಯಕಶುದ್ಧಿ

ಕಾಯಕವು ಸತ್ಯಶುದ್ಧವಾಗಿರಬೇಕೆಂಬುದು ಶರಣರ ಬೋಧೆ. ಆದರೆ ಆ ಶುದ್ಧಿಯು ನೆಲೆಸಿರುವುದೆಲ್ಲಿ? ದುಡಿಯುವವನ ಮೈಯಲ್ಲೋ, ಅವನ ಗಳಿಕೆಯಲ್ಲೋ, ಆ ದುಡಿಮೆಯು ಪರರಿಗೆ ತರುವ ಫಲದಲ್ಲೋ? ಅಗಸೆಯ ಕೃಷಿಯು ಇದಕ್ಕೊಂದು ದೃಷ್ಟಾಂತವಾಗಿದೆ.

ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಅಗಸೆಯು ಬೀಜಕ್ಕೂ ಎಣ್ಣೆಗೂ ಮೀಸಲು. ಇದೇ ಜಾತಿಯ ಗಿಡವನ್ನು ಐರ್ಲೆಂಡಿನ ಉತ್ತರಕ್ಕಿರುವ ಅಲ್ಸ್ಟರಿನ ರೈತರು 20ನೆಯ ಶತಮಾನದ ನಡುಗಾಲದವರೆಗೂ ನಾರಿಗಾಗಿ ಬೆಳೆಯುತ್ತಿದ್ದರು. ಬಿತ್ತಿದ ಸುಮಾರು 100 ದಿನಗಳಿಗೆ, ನಾರಿನ ಉದ್ದವು ಕೆಡದಂತೆ, ಗಿಡವನ್ನು ಕೊಯ್ಯದೆ ಬೇರುಸಹಿತ ಕೈಯಿಂದ ಕೀಳುತ್ತಿದ್ದರು. ಕಂತೆ ಕಟ್ಟಿ, ಹೊಂಡದ ನೀರಿನಲ್ಲಿ ಮುಳುಗಿಸಿ, ಕಲ್ಲು ಹೇರಿ ಒಂದೆರಡು ವಾರ ಕೊಳೆಯಿಸುತ್ತಿದ್ದರು. ಕಡಿಮೆ ಕೊಳೆತರೆ ನಾರು ಕಡ್ಡಿಯನ್ನು ಬಿಡದು. ಹೆಚ್ಚು ಕೊಳೆತರೆ ನಾರೇ ಸತ್ವಗೆಡುವುದು. ಹದವರಿತವನು ದುರ್ಗಂಧದ ನೀರಿಗಿಳಿದು ಕಂತೆಗಳನ್ನೆತ್ತಬೇಕು. ಅವುಗಳನ್ನು ಒಣಗಿಸಿ, ಬಡಿದು, ಹಣಿಗೆಯಲ್ಲಿ ಬಾಚಿ ಪಡೆದ ನಾರಿನಿಂದಲೇ ಲಿನನ್ ಎಂಬ ಶುಭ್ರವಸ್ತ್ರವು ಸಿದ್ಧವಾಗುತ್ತಿದ್ದಿತು.

ವಸ್ತ್ರವನ್ನು ಮೆಚ್ಚುವ ಲೋಕವು ನಾರುವ ನೀರಿನಲ್ಲಿ ನಿಂತವನನ್ನು ಕಂಡು ಮೂಗು ಮುಚ್ಚಿಕೊಳ್ಳುವುದುಂಟು. ಇದು ಅವಿವೇಕ. ತೊಗಲು ಹದಮಾಡುವ ಕಾಯಕದ ಡೋಹರ ಕಕ್ಕಯ್ಯನು 12ನೆಯ ಶತಮಾನದ ಶರಣಸಮೂಹದಲ್ಲಿ ಪೂಜ್ಯನಾಗಿದ್ದನು. ಮೈಗೆ ಹತ್ತಿದ ವಾಸನೆಯು ತೊಳೆದರೆ ಹೋಗುವುದು. ಅದು ಕಾಯಕದ ಮೈಲಿಗೆಯಲ್ಲ.

ಹಾಗಾದರೆ ಮೈಲಿಗೆ ಯಾವುದು? ಹೊಂಡದ ನೀರನ್ನು ಹೊಳೆಗೆ ಬಿಟ್ಟಾಗ, ಆ ಕೊಳೆತವು ನೀರೊಳಗಿನ ಪ್ರಾಣವಾಯುವನ್ನು ಹೀರಿ ಮೀನುಗಳು ಸಾಯುತ್ತಿದ್ದವು. ಅಗಸೆಯನ್ನೂ ಅದರಂತಹ ನಾರಿನ ಗಿಡಗಳನ್ನೂ ಹೊಳೆಗಳಲ್ಲಿ ನೆನೆಯಿಡಬಾರದೆಂದು ಇಂಗ್ಲೆಂಡಿನಲ್ಲಿ 1541ರಷ್ಟು ಹಿಂದೆಯೇ ಶಾಸನವಾಗಿದ್ದಿತು. ರೈತನ ಬೆವರು ಪ್ರಾಮಾಣಿಕವಾದುದೇ, ನಾರೂ ಉತ್ತಮವಾದುದೇ. ಆದರೂ ಹೊಳೆಯ ಜೀವಿಗಳಿಗೆ ಆ ದುಡಿಮೆಯು ಮೃತ್ಯುವಾಯಿತು. ಬಡವನು ಅಷ್ಟನ್ನೆಲ್ಲ ನೋಡಲಾದೀತೆ ಎಂದು ಕೇಳಬಹುದು. ಆ ಕಷ್ಟವು ನಿಜ. ಹೊಳೆಯಿಂದ ದೂರ ಹೊಂಡ ತೋಡಿ, ನೀರನ್ನು ನೆಲದಲ್ಲಿಯೇ ಇಂಗಿಸುವುದಕ್ಕೆ ಹೆಚ್ಚಿನ ಶ್ರಮ ಬೇಕು. ಆದರೆ ಆ ಶ್ರಮವೂ ಕಾಯಕದ ಅಂಗವೇ ಹೊರತು ಹೊರಗಿನ ಹೊರೆಯಲ್ಲ. ಅದರ ಭಾರವನ್ನು ರೈತನೊಬ್ಬನೇ ಹೊರತಕ್ಕದ್ದೂ ಅಲ್ಲ. ಶುಭ್ರವಸ್ತ್ರವನ್ನುಟ್ಟವನಿಗೂ ಅದರಲ್ಲಿ ಪಾಲುಂಟು.

ನುಲಿಯ ಚಂದಯ್ಯನು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದನ್ನು ಜಂಗಮದಾಸೋಹಕ್ಕೆ ಸಲ್ಲಿಸುತ್ತಿದ್ದನೆಂದು ಶರಣಚರಿತ್ರೆ ಸಾರುತ್ತದೆ. ದಾಸೋಹವು ಗಳಿಕೆ ಕೈಸೇರಿದ ಮೇಲೆ ಆರಂಭವಾಗುವುದೆಂದು ತಿಳಿಯುವವರು ಬಹಳ. ನೆರೆಯವನ ನೀರನ್ನು ಕೆಡಿಸಿ ಗಳಿಸಿದುದರಿಂದ ಅವನಿಗೇ ಅನ್ನವಿಕ್ಕಿದರೆ ಅದು ದಾಸೋಹವಾಗದು, ತೀರದ ಸಾಲದ ಬಡ್ಡಿಯಾದೀತು. ತನ್ನ ಹೊಂಡದ ನೀರು ಎಲ್ಲಿಗೆ ಹರಿಯುವುದೆಂದು ನೋಡುವವನಲ್ಲಿ ಕಾಯಕವೂ ದಾಸೋಹವೂ ಒಂದೇ ಆಗುತ್ತವೆ.