ಪಂಚನ ಸಂದೇಹವೂ ಮೇಲೆಸೆದ ಚೆಂಡೂ

ನ್ಯಾಯ ಹೇಳಲು ಕುಳಿತವನು 'ನನಗೆ ತಿಳಿಯದು' ಎನ್ನಬಹುದೇ? ಊರ ಚಾವಡಿಯಲ್ಲಿ ಹಿರಿಯರು ಹಾಗೆಂದರೆ ಜನರು ನಗುವರು. ಕೋರ್ಟಿನ ನ್ಯಾಯಾಧೀಶನಿಗಂತೂ ಆ ಅವಕಾಶವೇ ಇಲ್ಲ. ಪುರಾವೆಯು ಸಾಲದಿದ್ದರೆ ರುಜುವಾತಿನ ಹೊಣೆ ಹೊತ್ತವನ ವಿರುದ್ಧವಾಗಿಯಾದರೂ ತೀರ್ಪು ಹೊರಡಲೇಬೇಕು. ಆದರೆ ಹಾಯಸ್ಕೂಲಿನ ಹುಡುಗರು ಆಡುವ ಒಂದು ಆಟದಲ್ಲಿ ಈ ಮಾತಿಗೆ ನಿಯಮದೊಳಗೇ ಸ್ಥಾನವಿರುವದು. ಬಾಸ್ಕೆಟ್‌ಬಾಲಿನಲ್ಲಿ ಎದುರು ಪಕ್ಷದ ಇಬ್ಬರು ಒಂದೇ ಚೆಂಡನ್ನು ಬಿಗಿಯಾಗಿ ಹಿಡಿದು, ಒರಟುತನವಿಲ್ಲದೆ ಒಬ್ಬನ ಕೈಯಿಂದ ಇನ್ನೊಬ್ಬನು ಬಿಡಿಸಿಕೊಳ್ಳುವದು ಅಸಾಧ್ಯವಾದಾಗ, ಇಲ್ಲವೆ ಗೆರೆಯಾಚೆ ಹೋದ ಚೆಂಡು ಕೊನೆಗೆ ಯಾರ ಕೈಗೆ ತಾಗಿತೆಂಬುದರಲ್ಲಿ ಸಂಶಯ ಹುಟ್ಟಿದಾಗ, ಪಂಚನು ಸೀಟಿ ಊದಿ ಎರಡೂ ಹೆಬ್ಬೆರಳುಗಳನ್ನು ಮೇಲೆತ್ತಿ ತೋರಿಸುವನು. ಇಬ್ಬರ ಹಕ್ಕೂ ಸಮವಾಗಿದೆ, ಅಥವಾ ಹೆಚ್ಚಿನ ಹಕ್ಕು ಯಾರದೆಂದು ಕಾಣಲಿಲ್ಲ ಎಂಬುದೇ ಆ ಸಂಕೇತದ ಅರ್ಥವು. ಇದಕ್ಕೆ ಜಂಪ್ ಬಾಲ್ ಎಂದು ಹೆಸರು.

ಈ ಆಟವನ್ನು ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕನು 1891ರ ಡಿಸೆಂಬರದಲ್ಲಿ ಅಮೇರಿಕೆಯ ಸ್ಪ್ರಿಂಗ್‌ಫೀಲ್ಡ್ ಊರಲ್ಲಿ ಕಲ್ಪಿಸಿದನು. ಅವನು ಬರೆದ 13 ನಿಯಮಗಳಲ್ಲಿ ಇಬ್ಬರು ಪಂಚರಿರುವರು. ಒಬ್ಬನು ಆಟಗಾರರ ನಡತೆಯನ್ನು ನೋಡತಕ್ಕವನು, ಮತ್ತೊಬ್ಬನು ಚೆಂಡನ್ನು ನೋಡತಕ್ಕವನು. ಗೆರೆಯಾಚೆ ಹೋದ ಚೆಂಡಿನ ಬಗ್ಗೆ ವಾದವೆದ್ದರೆ ಪಂಚನು ಅದನ್ನು ನೇರವಾಗಿ ಅಂಗಳದೊಳಗೆ ಎಸೆಯಬೇಕೆಂದೂ ಅಲ್ಲಿಯೇ ಹೇಳಿದೆ. ಆಟವು ಹುಟ್ಟಿದಂದೇ ಪಂಚನ ಅಜ್ಞಾನಕ್ಕೂ ಒಂದು ದಾರಿ ಮಾಡಿಟ್ಟದ್ದು ದೊಡ್ಡ ವಿವೇಕವೇ ಸರಿ. ಮುಂದೆ ಬಹು ವರ್ಷ ಪ್ರತಿಯೊಂದು ಬುಟ್ಟಿ ಬಿದ್ದ ಮೇಲೂ ಚೆಂಡನ್ನು ನಡುಮಧ್ಯದಲ್ಲಿ ಎಸೆಯುವ ರೂಢಿಯಿತ್ತು. ಅದನ್ನು 1937ರಲ್ಲಿ ಬಿಟ್ಟರು.

ಈಗ ವಿಜಯಪುರ ನಗರದ ಮೈದಾನದಲ್ಲಿ ಒಂದು ಜಿಲ್ಲಾ ಪಂದ್ಯವನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಒಂದು ಪಕ್ಷವು ದ್ರಾಕ್ಷಿತೋಟಗಳ ತಿಕೋಟಾದಿಂದ ಬಂದಿದೆ, ಇನ್ನೊಂದು ಬಬಲೇಶ್ವರದಿಂದ. ಎರಡೂ ಊರುಗಳು ಹಿಂದೆ ಒಂದೇ ತಾಲೂಕಿಗೆ ಸೇರಿದ್ದು, ಈಚೆಗೆ ತಾವೇ ತಾಲೂಕಿನ ಸ್ಥಳಗಳಾಗಿರುವದರಿಂದ ಹುಡುಗರಲ್ಲಿ ಊರಭಿಮಾನವು ಕೊಂಚ ಹೆಚ್ಚೇ ಇದ್ದೀತು. ತಿಕೋಟಾದ ಗಿಡ್ಡ ಹುಡುಗನೊಬ್ಬನು ನೆಲಕ್ಕೆ ಬಾಗಿ, ಬಬಲೇಶ್ವರದ ನೀಳಕಾಯನ ಕೈಯಲ್ಲಿಯ ಚೆಂಡಿಗೆ ತನ್ನ ಎರಡೂ ಕೈ ಬಿಗಿದನೆನ್ನಿ. ಹಳೆಯ ನಿಯಮದ ಮೇರೆಗೆ ಪಂಚನು ಅವರಿಬ್ಬರನ್ನೂ ವೃತ್ತದಲ್ಲಿ ಎದುರುಬದುರು ನಿಲ್ಲಿಸಿ ಚೆಂಡನ್ನು ಮೇಲೆಸೆಯಬೇಕು. ಎಸೆತವು ನೆಟ್ಟಗಿರಬೇಕು; ಇಬ್ಬರೂ ಹಾರಿ ಮುಟ್ಟಬಲ್ಲ ಎತ್ತರಕ್ಕಿಂತ ಮೇಲೇರಬೇಕು; ಅದು ತುದಿ ಮುಟ್ಟುವ ತನಕ ಯಾರೂ ತಟ್ಟಬಾರದು; ಉಳಿದವರು ವೃತ್ತದ ಹೊರಗಿರಬೇಕು. ಎಸೆತದಲ್ಲಿ ಇಷ್ಟೊಂದು ಸಮತೆಯನ್ನು ಬೇಡುವ ನಿಯಮವು ಎತ್ತರದ ವಿಷಯದಲ್ಲಿ ಮಾತ್ರ ಮೌನವಾಗಿದೆ. ಎತ್ತರವೂ ಆಟದಲ್ಲಿ ಒಂದು ಗುಣವಲ್ಲವೇ ಎಂದು ಕೆಲವರು ಕೇಳಬಹುದು. ಬುಟ್ಟಿಗೆ ಚೆಂಡು ಹಾಕುವಾಗ ಅದು ಗುಣವೆಂಬುದಕ್ಕೆ ಅಡ್ಡಿಯಿಲ್ಲ. ಆದರೆ ಇಲ್ಲಿ ಕೇಳಿದ ಪ್ರಶ್ನೆಯು, ಈಗ ತಾನೆ ನಡೆದದ್ದರಲ್ಲಿ ಹಕ್ಕು ಯಾರದು ಎಂಬುದು. ಅದಕ್ಕೆ ಉತ್ತರವಾಗಿ, ಮುಂದೆ ಯಾರು ಹೆಚ್ಚು ಎತ್ತರ ಹಾರುವರೆಂದು ನೋಡುವದು ಎಲ್ಲಿಯ ತರ್ಕ? ಧೈರ್ಯದಿಂದ ಗಳಿಸಿದ ಸಮಪಾಲನ್ನು ಆ ಗಿಡ್ಡ ಹುಡುಗನು ಮರುಕ್ಷಣವೇ ತನ್ನ ಮೈಯಳತೆಗೆ ಸೋತು ಕಳಕೊಳ್ಳುವನು.

ಈ ಅನ್ಯಾಯವನ್ನು ತಗ್ಗಿಸುವ ಒಂದು ಉಪಾಯವನ್ನು ಅಮೇರಿಕೆಯ ವಿದ್ಯಾರ್ಥಿ ಪಂದ್ಯಗಳಲ್ಲಿ 1981ರಲ್ಲಿ ತಂದರು. ಅಂತರರಾಷ್ಟ್ರೀಯ ಸಂಘವು 2003ರಲ್ಲಿ ಅದನ್ನು ಒಪ್ಪಿಕೊಂಡಿತು. ಅದರಂತೆ ಈಗ ಪಂದ್ಯದ ಆರಂಭದಲ್ಲಿ ಮಾತ್ರ ಚೆಂಡನ್ನು ಮೇಲೆಸೆಯುವರು. ಆ ಮೊದಲ ಎಸೆತದಲ್ಲಿ ಚೆಂಡು ದಕ್ಕದ ಪಕ್ಷಕ್ಕೆ ಮುಂದಿನ ಸಂದೇಹದ ಲಾಭ. ಆ ಮೇಲೆ ಒಮ್ಮೆ ಇವರಿಗೆ, ಒಮ್ಮೆ ಅವರಿಗೆ. ಯಾರ ಸರದಿಯೆಂಬುದನ್ನು ಮೇಜಿನ ಮೇಲಿನ ಬಾಣದ ಗುರುತು ತೋರಿಸುವದು. ನಮ್ಮ ಸೀಮೆಯವರಿಗೆ ಇದು ಹೊಸ ವಿಚಾರವೇನೂ ಅಲ್ಲ. ಅಣ್ಣತಮ್ಮಂದಿರು ಹೊಲ ಹಂಚಿಕೊಂಡು ಬಾವಿಯನ್ನು ಕೂಡಿ ಇಟ್ಟುಕೊಂಡರೆ, ನೀರಿಗೆ ಪಾಳಿ ಹಚ್ಚುವರು. ಇಂದು ಅಣ್ಣನ ಬೆಳೆ ಬಾಡಿದೆಯೋ ತಮ್ಮನದು ಬಾಡಿದೆಯೋ ಎಂದು ಪಾಳಿಯು ಕೇಳುವದಿಲ್ಲ. ಯಾರ ತೋಳು ದಪ್ಪವೆಂದೂ ಕೇಳುವದಿಲ್ಲ. ಮಳೆ ಕಡಿಮೆಯಾದ ನಾಡಿನಲ್ಲಿ ಬಾವಿಯ ಕಟ್ಟೆಯ ಮೇಲೆ ಹೊಡೆದಾಟ ತಪ್ಪಿರುವದು ಈ ಕುರುಡುತನದಿಂದಲೇ.

ಆದರೆ ಪಾಳಿಯಲ್ಲಿ ಹಳೆಯ ಎಸೆತದಲ್ಲಿಲ್ಲದ ಒಂದು ಅಪಾಯವು ಅಡಗಿದೆ, ಮತ್ತು ಆಟವನ್ನು ಬಲ್ಲವರು ಸಹ ಅದನ್ನು ಎಣಿಸುವದು ಅಪರೂಪ. ಚೆಂಡನ್ನು ಮೇಲೆಸೆಯುತ್ತಿದ್ದ ಕಾಲದಲ್ಲಿ, ತನ್ನ ಸಂದೇಹವು ಯಾರಿಗೆ ಫಲಿಸುವದೆಂಬುದು ಪಂಚನಿಗೆ ಪೂರ್ತಿ ಗೊತ್ತಿರಲಿಲ್ಲ. ಎತ್ತರದವನು ಗೆದ್ದಾನೆಂದು ಊಹಿಸಬಹುದಾಗಿತ್ತಷ್ಟೆ. ಚುನಾವಣೆಯಲ್ಲಿ ಮತಗಳು ಸಮನಾದರೆ ಚೀಟಿ ಎತ್ತಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ವಿಧಿಸಿದೆ; ಅಲ್ಲಿಯೂ ಚೀಟಿ ಬಿಚ್ಚುವ ತನಕ ಅಧಿಕಾರಿಗೆ ಫಲವು ತಿಳಿಯದು. ಬಾಣದ ಗುರುತಾದರೋ ಎಲ್ಲರ ಕಣ್ಣೆದುರಿಗಿರುವದು. 'ತಿಳಿಯದು' ಎಂದು ಹೆಬ್ಬೆರಳೆತ್ತುವ ಮೊದಲೇ, ಆ ಹೆಬ್ಬೆರಳು ಚೆಂಡನ್ನು ಯಾರಿಗೆ ಕೊಡುವದೆಂದು ಪಂಚನು ಬಲ್ಲನು.

ಶಾಲೆಯ ಪಂದ್ಯಗಳಲ್ಲಿ ಇದರ ತೂಕವು ಬೇರೆಯೇ. ಅಲ್ಲಿ ಸೀಟಿ ಹಿಡಿಯುವವರು ಬಹುಶಃ ದೈಹಿಕ ಶಿಕ್ಷಕರು. ಒಮ್ಮೊಮ್ಮೆ ಆಡುವ ಹುಡುಗರನ್ನು ದಿನಾಲು ಸಂಜೆ ತಿದ್ದುವವರೂ ಅವರೇ. ಕೊನೆಯ ನಿಮಿಷದಲ್ಲಿ ಅಂಕಗಳು ಸಮವಾಗಿವೆ; ಬಾಣವು ತನ್ನ ಊರಿನವರ ಕಡೆಗಿದೆ; ಎದುರು ಪಕ್ಷದ ಹುಡುಗನು ಚೆಂಡನ್ನು ಬಹುಮಟ್ಟಿಗೆ ಕಸಿದುಕೊಂಡಿದ್ದಾನೆ. ಆಗ ಸೀಟಿಯನ್ನು ಅರ್ಧ ಕ್ಷಣ ಮುಂಚೆ ಊದಿದರೆ ಸಾಕು, ಸ್ಪಷ್ಟವಾಗಿದ್ದದ್ದು ಸಂದೇಹವಾಗುವದು. ಬಾಣವು ಆಚೆ ಕಡೆಗಿದ್ದರೆ ಅರ್ಧ ಕ್ಷಣ ತಡೆದರಾಯಿತು, ಸಂದೇಹವಾಗಬೇಕಾದದ್ದು ಸ್ಪಷ್ಟವಾಗುವದು. ಇದರಲ್ಲಿ ಸುಳ್ಳಾಡುವ ಮಾತೇ ಇಲ್ಲ. ತಾನು ಕಂಡದ್ದನ್ನೇ ಹೇಳಿದೆನೆಂದು ಆ ಶಿಕ್ಷಕನು ಮನಃಪೂರ್ವಕವಾಗಿ ನಂಬಬಹುದು. ಲಂಚ ತಿಂದವನಿಗಾದರೂ ತಾನು ತಿಂದದ್ದು ಗೊತ್ತಿರುವದು; ಇಲ್ಲಿ ಅಪೇಕ್ಷೆಯು ಕಣ್ಣಿನೊಳಗೇ ಕುಳಿತು ನೋಡುವದರಿಂದ ಅಪರಾಧಿಗೂ ಅಪರಾಧವು ಕಾಣುವದಿಲ್ಲ.

ಹಾಗಾದರೆ ಹಳೆಯ ಎಸೆತಕ್ಕೇ ಮರಳಬೇಕೇ? ಹಾಗೆನ್ನುವದು ಸರಿಯಲ್ಲ. ಬೆಳೆಯುವ ವಯಸ್ಸಿನ ಹುಡುಗರಲ್ಲಿ ಒಬ್ಬನು ಒಂದು ವರ್ಷದಲ್ಲಿ ಚಿಗುರಿ ನಿಲ್ಲುವನು, ಅವನ ಓರಗೆಯವನು ಮೊಳಕೆಯಾಗಿಯೇ ಉಳಿಯುವನು. ಇಂಥವರ ನಡುವೆ ಪಾಳಿಯೇ ಲೇಸು. ಅದರ ದೋಷಕ್ಕೆ ಮದ್ದು ಪಂಚನಲ್ಲಿಯೇ ಇರುವದು, ಅದೂ ಕಷ್ಟದ ಮದ್ದೇ. ಬಾಣವು ಈಗಿರುವ ದಿಕ್ಕಿಗೆ ವಿರುದ್ಧವಾಗಿದ್ದರೂ ಇದೇ ಕ್ಷಣಕ್ಕೆ ಹೆಬ್ಬೆರಳೆತ್ತುತ್ತಿದ್ದೆನೇ ಎಂದು ಅವನು ಕೇಳಿಕೊಳ್ಳಬೇಕು. ಓಡುವ ಆಟದಲ್ಲಿ ಅಷ್ಟು ವಿಚಾರಕ್ಕೆ ವೇಳೆಯೆಲ್ಲಿದೆ ಎಂಬ ಆಕ್ಷೇಪವು ನಿಜವೇ. ಆದಕಾರಣ ಆ ಪ್ರಶ್ನೆಯನ್ನು ಪಂದ್ಯದ ನಡುವೆ ಅಲ್ಲ, ಪಂದ್ಯ ಮುಗಿದು ಹುಡುಗರು ಮೋಟಾರು ಹತ್ತಿ ಊರಿಗೆ ಹೋದ ಮೇಲೆ, ಒಂದೊಂದು ಸೀಟಿಯನ್ನೂ ನೆನೆದು ಕೇಳಿಕೊಳ್ಳಬೇಕಾಗುವದು. ಮುಂದಿನ ಪಂದ್ಯಕ್ಕೆ ಕಣ್ಣು ಹದವಾಗುವದು ಆ ಅಭ್ಯಾಸದಿಂದ.

ಆರಂಭದ ಒಂದು ಎಸೆತವು ಇನ್ನೂ ಉಳಿದಿದೆಯಷ್ಟೆ. ಅಲ್ಲಿ ಒಬ್ಬ ಪಂಚನು ಚೆಂಡನ್ನು ಎಸೆಯುವನು, ಮತ್ತೊಬ್ಬನು ದೂರ ನಿಂತು ನೋಡುವನು. ಎಸೆತವು ಒಂದು ಗೇಣು ಓರೆಯಾಗಿ ಒಬ್ಬ ಹುಡುಗನ ಕಡೆಗೆ ವಾಲಿದರೆ, ಎಸೆದವನು ಎಷ್ಟೇ ಹಿರಿಯನಾಗಿರಲಿ, ಆ ಎರಡನೆಯವನು ಸೀಟಿ ಊದತಕ್ಕದ್ದು; ಆಗ ನೆರೆದ ಜನರೆಲ್ಲ ನೋಡುತ್ತಿರುವಂತೆಯೇ ಹಿರಿಯನು ಚೆಂಡನ್ನು ತಿರುಗಿ ಕೈಗೆ ತಕ್ಕೊಂಡು, ಹುಡುಗರಿಬ್ಬರ ನಡುವೆ ನಿಂತು, ಎರಡನೆಯ ಸಲ ಎಸೆಯುವನು.